ಸಾಲಿನ ಕೊನೆಯವರಿಗೂ ಶನಿಯ ಬಳೆ ಕಾಣಬೇಕು

ಆಕಾಶ ವೀಕ್ಷಣೆಯ ಕಾರ್ಯಕ್ರಮ ಮುಗಿದ ಮೇಲೆ ‘ಇನ್ನೂರು ಮಂದಿ ನೋಡಿದರು’ ಎಂದು ವರದಿ ಬರೆಯುವುದು ಸುಲಭ. ಆ ಇನ್ನೂರರಲ್ಲಿ ಎಷ್ಟು ಮಂದಿಗೆ ನಿಜಕ್ಕೂ ಕಂಡಿತು ಎಂಬುದು ಬೇರೆ ಲೆಕ್ಕ. ಐಪೀಸಿಗೆ (ದೂರದರ್ಶಕದಲ್ಲಿ ಕಣ್ಣಿಡುವ ಮಸೂರಕ್ಕೆ) ಕಣ್ಣು ಹಚ್ಚಿ, ಬರೀ ಕತ್ತಲೆ ನೋಡಿ, ಹಿಂದೆ ನಿಂತವರ ಅವಸರಕ್ಕೆ ಅಂಜಿ ‘ಹೂನ್ರಿ, ಕಂಡ್ತು’ ಎಂದು ಸರಿದು ಹೋಗುವವರು ಪ್ರತಿ ಊರಲ್ಲೂ ಇರುತ್ತಾರೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯಲ್ಲಿ ಹವ್ಯಾಸಿ ಖಗೋಳ ಕೂಟ ನಡೆಸುವವರು ದೂರದರ್ಶಕದ ಗಾತ್ರಕ್ಕಿಂತ ಮೊದಲು ಈ ಲೆಕ್ಕದ ಬಗ್ಗೆ ಯೋಚಿಸಬೇಕು. ಮುಂದೆ ಬರೆದಿರುವುದೆಲ್ಲ ಅದೊಂದೇ ಗುರಿಗಾಗಿ.

ದಿನ ಸರಿಯಾಗಿ ಆರಿಸಿದರೆ ಅರ್ಧ ಕೆಲಸ ಆದಂತೆ. ಸಾರ್ವಜನಿಕರಿಗಾದರೆ ಶುಕ್ಲ ಪಕ್ಷದ ಪಂಚಮಿಯಿಂದ ನವಮಿಯವರೆಗಿನ ಸಂಜೆಗಳು. ಚಂದ್ರ ಅರ್ಧದ ಆಸುಪಾಸು ಇದ್ದಾಗ ಬೆಳಕು-ಕತ್ತಲೆಯ ಗಡಿಯ ಮೇಲೆ ಬಿಸಿಲು ಓರೆಯಾಗಿ ಬಿದ್ದು ಕುಳಿಗಳ ನೆರಳು ಉದ್ದವಾಗುತ್ತದೆ, ಗುಡ್ಡಗಳ ತುದಿ ಎದ್ದು ಕಾಣುತ್ತದೆ. ಹುಣ್ಣಿಮೆಗೆ ಜನರನ್ನು ಕರೆಯಬೇಡಿ. ಆಗ ನೆರಳೇ ಇರುವುದಿಲ್ಲ, ಬರೀ ಬೆಳ್ಳನೆಯ ಹೊಳಪು ಕಣ್ಣು ಕುಕ್ಕುತ್ತದೆ. ನೀಹಾರಿಕೆ, ನಕ್ಷತ್ರ ಗುಚ್ಛ ನೋಡುವ ಸದಸ್ಯರ ರಾತ್ರಿಗಳು ಅಮಾವಾಸ್ಯೆಯ ಆಚೆ-ಈಚೆ ಮೂರ್ನಾಲ್ಕು ದಿನ ಇರಲಿ. ದೀಪಾವಳಿ ಅಮಾವಾಸ್ಯೆ ಮಾತ್ರ ಬೇಡ, ಪಟಾಕಿ ಹೊಗೆ ಕೆಳಗೇ ನಿಂತಿರುತ್ತದೆ. ನಮ್ಮ ಭಾಗಕ್ಕೆ ಒಳ್ಳೆಯದು ಎಳ್ಳಮಾಸಿ. ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಬಂದಿರುತ್ತಾರೆ, ಚಳಿಗಾಲದ ಒಣ ಗಾಳಿ ಇರುತ್ತದೆ, ಚಂದ್ರನಿಲ್ಲ. ಏಳೂವರೆವರೆಗೆ ನಿಲ್ಲುವಂತೆ ಒಂದೆರಡು ಮನೆಯವರನ್ನು ಮೊದಲೇ ಒಪ್ಪಿಸಿದರೆ ಕೃತ್ತಿಕೆ, ರೋಹಿಣಿ, ದೇವಯಾನಿ ಗ್ಯಾಲಕ್ಸಿ ಎಲ್ಲವನ್ನೂ ಒಂದು ಬೈನಾಕ್ಯುಲರಿನಲ್ಲೇ ತೋರಿಸಬಹುದು.

ತಿಂಗಳ ಮಾತಿಗೆ ಬಂದರೆ, ವಿಜಯಪುರ-ಬಾಗಲಕೋಟೆಗೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಆಕಾಶ ನಂಬಬಹುದು. ಬೆಳಗಾವಿಯಲ್ಲಿ, ಅದರಲ್ಲೂ ಖಾನಾಪುರದ ಕಡೆ, ನವೆಂಬರಿಗಿಂತ ಮುಂಚೆ ದಿನಾಂಕ ಪ್ರಕಟಿಸುವುದು ಅಪಾಯ. ಮಾರ್ಚಿನಿಂದ ಧೂಳು, ಏಪ್ರಿಲ್-ಮೇನಲ್ಲಿ ಅಡ್ಡಮಳೆ. ಕಬ್ಬಿನ ಸೀಮೆಯಲ್ಲಿ ಇನ್ನೊಂದು ತೊಡಕು ಇದೆ. ಜಮಖಂಡಿ, ಮುಧೋಳ, ಅಥಣಿ, ಚಿಕ್ಕೋಡಿ ಕಡೆ ಕಟಾವಾದ ಮೇಲೆ ರವದಿಗೆ ಬೆಂಕಿ ಹಚ್ಚುತ್ತಾರೆ. ಚಳಿಯ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ, ಮೇಲಿನದು ಬೆಚ್ಚಗೇ ಉಳಿಯುವುದರಿಂದ ಹೊಗೆ ಮೇಲೇರದೆ ಹೊಲದ ಮೇಲೆ ಹಾಸಿಕೊಂಡುಬಿಡುತ್ತದೆ. ನೆತ್ತಿಯ ಮೇಲೆ ಆಕಾಶ ಸ್ವಚ್ಛ ಇದ್ದರೂ ದಿಗಂತದಿಂದ ಇಪ್ಪತ್ತು ಡಿಗ್ರಿಯವರೆಗೆ ಏನೂ ಕಾಣುವುದಿಲ್ಲ. ಮಧ್ಯಾಹ್ನವೇ ಅಕ್ಕಪಕ್ಕದ ಹೊಲದವರನ್ನು ಕೇಳಿ, ಅಂದು ಸಂಜೆ ಸುಡುವವರಿದ್ದರೆ ಗಾಳಿ ಬರುವ ದಿಕ್ಕಿಗೆ ಜಾಗ ಬದಲಿಸಿಕೊಳ್ಳಿ.

ಜಾಗಕ್ಕೆ ಒಂದು ನಿಯಮ ನೆನಪಿಟ್ಟರೆ ಸಾಕು: ಊರಿನ ಬೆಳಕು ನಿಮ್ಮ ಉತ್ತರಕ್ಕೆ ಇರಬೇಕು. ನಮ್ಮ ಅಕ್ಷಾಂಶ ಕಡಿಮೆ. ಬೆಳಗಾವಿ 15.9, ಬಾಗಲಕೋಟೆ 16.2, ವಿಜಯಪುರ 16.8 ಡಿಗ್ರಿ. ಅದರಿಂದಾಗಿ ಉತ್ತರ ಭಾರತದವರಿಗೆ ಸರಿಯಾಗಿ ಸಿಗದ ದಕ್ಷಿಣದ ಆಸ್ತಿಯೆಲ್ಲ ನಮಗೆ ಸಿಗುತ್ತದೆ. ಫೆಬ್ರವರಿ ನಡುವೆ ರಾತ್ರಿ ಒಂಬತ್ತಕ್ಕೆ ಅಗಸ್ತ್ಯ ನಕ್ಷತ್ರ ನೇರ ದಕ್ಷಿಣದಲ್ಲಿ ಇಪ್ಪತ್ತು ಡಿಗ್ರಿ ಎತ್ತರಕ್ಕೆ ಬರುತ್ತದೆ. ಮೇ ಮೂರನೇ ವಾರ ಒಂಬತ್ತರ ಸುಮಾರಿಗೆ ತ್ರಿಶಂಕು (ಶಿಲುಬೆಯಾಕಾರದ ನಕ್ಷತ್ರಪುಂಜ) ನೆಟ್ಟಗೆ ನಿಲ್ಲುತ್ತದೆ, ಅದರ ಬುಡದ ನಕ್ಷತ್ರ ಬರೀ ಹತ್ತು ಡಿಗ್ರಿ ಮೇಲೆ. ಅದಾದ ಒಂದು ತಾಸಿಗೆ ಒಮೆಗಾ ಸೆಂಟಾರಿ ಎಂಬ ದೊಡ್ಡ ಗೋಳಗುಚ್ಛ (ಚೆಂಡಿನಂತೆ ಒತ್ತಾಗಿ ಕೂಡಿದ ನಕ್ಷತ್ರಗಳ ಗುಂಪು) ಇಪ್ಪತ್ತೈದು ಡಿಗ್ರಿಯಲ್ಲಿ. ದಕ್ಷಿಣಕ್ಕೆ ಪಟ್ಟಣವೋ ಕಾರ್ಖಾನೆಯೋ ಇದ್ದರೆ ಇವೆಲ್ಲ ಆ ಬೆಳಕಿನಲ್ಲಿ ಮುಳುಗುತ್ತವೆ. ಆದ್ದರಿಂದ ಊರು ಬಿಟ್ಟು ದಕ್ಷಿಣಕ್ಕೆ ಹೋಗಬೇಕು. ವಿಜಯಪುರದವರು ನೇರ ದಕ್ಷಿಣ ಹಿಡಿದರೆ ಕೂಡಗಿ ಶಾಖೋತ್ಪನ್ನ ಸ್ಥಾವರದ ದೀಪಗಳು ಎದುರಾಗುತ್ತವೆ, ಬಬಲೇಶ್ವರದ ಕಡೆ ನೈಋತ್ಯಕ್ಕೆ ತಿರುಗುವುದು ಮೇಲು.

ನೆಲ ಮಡ್ಡಿಯಾಗಿದ್ದರೆ ಒಳ್ಳೆಯದು. ಎರಿ ಹೊಲ ಹಸಿ ಇದ್ದಾಗ ಕಾಲು ಹೂತುಹೋಗುತ್ತದೆ, ಒಣಗಿದಾಗ ಬಿರುಕಿನಲ್ಲಿ ಸ್ಟ್ಯಾಂಡು ವಾಲುತ್ತದೆ, ಜನ ಓಡಾಡಿದಂತೆ ನುಣ್ಣನೆಯ ಧೂಳೆದ್ದು ಕನ್ನಡಿಗೆ ಕೂರುತ್ತದೆ. ಅಲ್ಲೇ ಮಾಡಬೇಕಾದರೆ ಎರಡೂವರೆ ಅಡಿ ಚೌಕದ ದಪ್ಪ ಪ್ಲೈವುಡ್ ಹಾಸಿ, ಸುತ್ತ ನೀರು ಚಿಮುಕಿಸಿ. ಜೋಳದ ಕೂಳೆ ಇದ್ದ ಹೊಲದಲ್ಲಿ ಮಕ್ಕಳ ಕಾಲಿಗೆ ಚುಚ್ಚುತ್ತದೆ. ಹಾವಿನ ಭಯವೂ ನಿಜವೇ, ಬೆಳಕಿದ್ದಾಗಲೇ ಜಾಗ ಹಸನು ಮಾಡಿ, ಬೂಟು ಹಾಕಿಕೊಂಡೇ ಬರಲು ಹೇಳಿ. ಶಾಲೆಯ ಅಂಗಳವಾದರೆ ಹೈಮಾಸ್ಟ್ ದೀಪದ ಸ್ವಿಚ್ ಎಲ್ಲಿದೆ, ಆ ಕೋಣೆಯ ಕೀಲಿ ಯಾರ ಹತ್ತಿರ ಇದೆ ಎಂಬುದನ್ನು ಹಗಲಲ್ಲೇ ವಿಚಾರಿಸಿ. ಆರಕ್ಕೆ ತಾನೇ ಹತ್ತುವ ಟೈಮರ್ ದೀಪವಿದ್ದರೆ ಪಂಚಾಯತಿಗೆ ಮೊದಲೇ ಪತ್ರ ಕೊಡಬೇಕಾಗುತ್ತದೆ.

ದೂರದರ್ಶಕ ಯಾವುದು ಎಂಬ ಪ್ರಶ್ನೆಗೆ ಹೆಚ್ಚು ಚರ್ಚೆ ಬೇಡ. ಜಾನ್ ಡಾಬ್ಸನ್ ರೂಢಿಗೆ ತಂದ ಮರದ ತಿರುಗು ಪೀಠದ ಮೇಲೆ ಕೂರುವ 8 ಇಂಚಿನ ಪ್ರತಿಫಲಕ (ಕನ್ನಡಿಯ ದೂರದರ್ಶಕ), ನಾಭಿದೂರ 1200 ಎಂಎಂ. ಕೂಟಕ್ಕೆ ಅದು ಸಾಕು. ಧ್ರುವಕ್ಕೆ ಹೊಂದಿಸುವ ಈಕ್ವಟೋರಿಯಲ್ ಸ್ಟ್ಯಾಂಡಿನಲ್ಲಿ ನಮ್ಮ ಕಡೆ ಎರಡು ತೊಂದರೆ. ಧ್ರುವ ನಕ್ಷತ್ರ ಇಲ್ಲಿ ಹದಿನಾರು-ಹದಿನೇಳು ಡಿಗ್ರಿ ಮಾತ್ರ ಮೇಲಿರುತ್ತದೆ, ಧೂಳಿನಲ್ಲೋ ಬೇವಿನ ಮರದ ಹಿಂದೋ ಮರೆಯಾಗಿರುತ್ತದೆ. ಜೊತೆಗೆ ಆ ಸ್ಟ್ಯಾಂಡುಗಳನ್ನು ಹೆಚ್ಚಾಗಿ ಮೇಲಿನ ಅಕ್ಷಾಂಶದವರಿಗೆಂದು ಮಾಡಿರುವುದರಿಂದ ಇಷ್ಟು ಕೆಳಗೆ ಬಾಗಿಸಿದಾಗ ತೂಕದ ಸರಳು ಮುಂದಿನ ಕಾಲಿಗೆ ಬಡಿಯುತ್ತದೆ. ಫೋಟೋ ತೆಗೆಯುವವರು ಆ ಕಷ್ಟ ಪಡಲಿ, ಜನರಿಗೆ ತೋರಿಸಲು ಡಾಬ್ಸೋನಿಯನ್ನೇ ಸರಿ.

ಈಗ ಜನ ‘ಮಸುಕು ಐತ್ರಿ’ ಎನ್ನುವುದರ ಬಗ್ಗೆ. ಮಸುಕು ಎಲ್ಲ ಒಂದೇ ಅಲ್ಲ, ಕಾರಣ ಬೇರೆ ಬೇರೆ. ಗ್ರಹ ನೀರಿನ ತಳದ ಕಲ್ಲಿನಂತೆ ಕುಲುಕುತ್ತಿದ್ದರೆ ಅದು ಗಾಳಿಯ ಕಾಟ. ವಾಹನದಲ್ಲಿ ಕಾದ ಕನ್ನಡಿ ಇನ್ನೂ ಬಿಸಿ ಬಿಡುತ್ತಿರಬಹುದು, ಇಲ್ಲವೇ ಹಗಲೆಲ್ಲ ಕಾದ ಸಿಮೆಂಟ್ ಮಾಳಿಗೆಯ ಝಳ ಇರಬಹುದು. ಕೊಳವೆಯನ್ನು ಮುಕ್ಕಾಲು ತಾಸಿನಿಂದ ಒಂದು ತಾಸು ಮೊದಲೇ ಹೊರಗಿಡಿ, ಮಾಳಿಗೆಗಿಂತ ಮಣ್ಣಿನ ನೆಲ ಆರಿಸಿ. ಗ್ರಹದ ಸುತ್ತ ಹಾಲು ಚೆಲ್ಲಿದಂತೆ ಬೆಳಕಿದ್ದರೆ ಇಬ್ಬನಿ ಕೂತಿದೆ. ಬೆಳಗಾವಿ ಕಡೆ, ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಇದು ಹತ್ತು ಗಂಟೆಯೊಳಗೇ ಶುರುವಾಗುತ್ತದೆ, ಮೊದಲು ಫೈಂಡರಿಗೆ (ಗುರಿ ಹಿಡಿಯಲು ಕೊಳವೆಯ ಮೇಲಿರುವ ಸಣ್ಣ ದೂರದರ್ಶಕಕ್ಕೆ), ಆಮೇಲೆ ಐಪೀಸಿಗೆ. ಯೋಗ ಮ್ಯಾಟಿನ 80 ಸೆಂ.ಮೀ. ಅಗಲ, 35 ಸೆಂ.ಮೀ. ಉದ್ದದ ತುಂಡನ್ನು ಕೊಳವೆಯ ಬಾಯಿಗೆ ಸುತ್ತಿ ವೆಲ್ಕ್ರೋ ಹಚ್ಚಿದರೆ ಬಹಳ ಹೊತ್ತು ತಡೆಯುತ್ತದೆ. ಟವೆಲ್ಲಿನಿಂದಾಗಲಿ ಓಢಣಿಯಿಂದಾಗಲಿ ಒರೆಸಕೂಡದು, ಧೂಳಿನ ಕಣ ಗೀರಿಬಿಡುತ್ತದೆ. ಬದಲಿ ಐಪೀಸನ್ನು ಕಿಸೆಯಲ್ಲಿ ಬೆಚ್ಚಗೆ ಇಟ್ಟುಕೊಂಡಿದ್ದು, ಇಬ್ಬನಿ ಕೂತಾಗ ಅದಲುಬದಲು ಮಾಡಿ.

ಮೂರನೆಯದು, ಗ್ರಹದ ಒಂದೇ ಪಕ್ಕಕ್ಕೆ ಬಾಲ ಬಂದಂತೆ ಚಾಚಿಕೊಂಡಿರುವುದು. ಕನ್ನಡಿಗಳು ಒಂದರ ಎದುರು ಒಂದು ಸರಿಯಾಗಿಲ್ಲ ಎಂದೇ ಅರ್ಥ. ಹಳ್ಳಿ ರಸ್ತೆಯಲ್ಲಿ ಟೆಂಪೋದ ಮೇಲೆ ಬಂದ ಪ್ರತಿ ಸಲವೂ ಈ ಹೊಂದಾಣಿಕೆ, ಅಂದರೆ ಕಾಲಿಮೇಷನ್, ನೋಡಲೇಬೇಕು. ಕೊಳವೆಯನ್ನು ಅಡ್ಡಡ್ಡ ಮಲಗಿಸಿಯೇ ಕೆಲಸ ಮಾಡಿ. ನೆಟ್ಟಗೆ ನಿಲ್ಲಿಸಿದಾಗ ಅಲನ್ ಕೀ ಕೈಜಾರಿದರೆ ನೇರ ದೊಡ್ಡ ಕನ್ನಡಿಯ ಮೇಲೆ ಬೀಳುತ್ತದೆ. ಐಪೀಸ್ ಕೂರುವ ತೂತಿಗೆ ನಡುವೆ 2 ಎಂಎಂ ರಂಧ್ರ ಮಾಡಿದ ಮುಚ್ಚಳ ಹಾಕಿ ಕಣ್ಣಿಡಿ. ಮೊದಲು ಚಿಕ್ಕ ಓರೆ ಕನ್ನಡಿಯನ್ನು ನೋಡಬೇಕು. ಅದರೊಳಗೆ ದೊಡ್ಡ ಕನ್ನಡಿ ಪೂರ್ತಿ, ಅದನ್ನು ಹಿಡಿದ ಮೂರೂ ಕ್ಲಿಪ್ಪು ಸಮೇತ ಕಾಣುವವರೆಗೆ ಮೂರು ಸಣ್ಣ ಸ್ಕ್ರೂಗಳನ್ನು ಒಂದನ್ನು ಸಡಿಲಿಸಿ ಇನ್ನೊಂದನ್ನು ಬಿಗಿ ಮಾಡುತ್ತ ಸರಿಪಡಿಸಿ. ಇದು ಒಮ್ಮೆ ಕೂತರೆ ತಿಂಗಳುಗಟ್ಟಲೆ ಅಲುಗದು. ಆಮೇಲೆ ಕೊಳವೆಯ ತಳದ ಮೂರು ಗುಬಟುಗಳು. ದೊಡ್ಡ ಕನ್ನಡಿಯ ನಡುವೆ ಅಂಟಿಸಿದ ಬಳೆಯಾಕಾರದ ಗುರುತಿನೊಳಗೆ ನಿಮ್ಮ ಮುಚ್ಚಳದ ರಂಧ್ರ ಬಂದು ಕೂರಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಬಿಗಿ ಮಾಡುವ ಲಾಕ್ ಸ್ಕ್ರೂಗಳೇ ಎಷ್ಟೋ ಸಲ ಎಲ್ಲ ಕೆಡಿಸುತ್ತವೆ, ಅವನ್ನು ತಿರುಗಿಸುವಾಗ ರಂಧ್ರದಲ್ಲಿ ಒಬ್ಬರು ಕಣ್ಣಿಟ್ಟೇ ಇರಲಿ. ಲೇಸರ್ ಕಾಲಿಮೇಟರನ್ನು ಕಣ್ಣುಮುಚ್ಚಿ ನಂಬಬೇಡಿ. ತೂತಿನಲ್ಲೇ ಅದನ್ನು ಮೆಲ್ಲಗೆ ತಿರುಗಿಸಿದಾಗ ಕೆಂಪು ಚುಕ್ಕೆ ವೃತ್ತ ಬಿಡಿಸಿದರೆ ಕೆಟ್ಟಿರುವುದು ಲೇಸರೇ, ಕನ್ನಡಿಯಲ್ಲ.

ಕೊನೆಗೆ ನೆತ್ತಿಯ ಹತ್ತಿರದ ನಕ್ಷತ್ರವೊಂದನ್ನು ಹೆಚ್ಚಿನ ವರ್ಧನೆಯಲ್ಲಿ ನಡುವೆ ತಂದು ಫೋಕಸ್ ಸ್ವಲ್ಪ ಕೆಡಿಸಿ ನೋಡಿ. ಉಂಗುರಗಳು ಒಂದೇ ಕೇಂದ್ರಕ್ಕಿದ್ದರೆ ಸರಿ, ಒಂದು ಕಡೆ ಒತ್ತಿಕೊಂಡಿದ್ದರೆ ತಳದ ಗುಬಟು ಇನ್ನೊಂದಿಷ್ಟು ತಿರುಗಬೇಕು. ಪುಸ್ತಕಗಳು ಇದಕ್ಕೆ ಧ್ರುವ ನಕ್ಷತ್ರ ಹೇಳುತ್ತವೆ, ಅದು ಸರಿದು ಹೋಗುವುದಿಲ್ಲವೆಂದು. ನಮ್ಮಲ್ಲಿ ಅದು ಅಷ್ಟು ಕೆಳಗೆ ಇರುವುದರಿಂದ ಸದಾ ಕುದಿಯುತ್ತಿರುತ್ತದೆ, ಕೆಲಸಕ್ಕೆ ಬಾರದು.

ಸಾಲು ನಿಭಾಯಿಸುವುದಕ್ಕೆ ಲೆಕ್ಕ ಬೇಕು. 25 ಎಂಎಂ ಐಪೀಸಿನಲ್ಲಿ 48 ಪಟ್ಟು, 10 ಎಂಎಂನಲ್ಲಿ 120 ಪಟ್ಟು. ಭೂಮಿ ತಿರುಗುವುದರಿಂದ ಗ್ರಹ 48 ಪಟ್ಟಿನ ನೋಟದಿಂದ ನಾಲ್ಕು ನಿಮಿಷಕ್ಕೆ, 120 ಪಟ್ಟಿನ ನೋಟದಿಂದ ಎರಡು ನಿಮಿಷದೊಳಗೇ ಹೊರಬೀಳುತ್ತದೆ. ಒಬ್ಬರಿಗೆ ಮುಕ್ಕಾಲು ನಿಮಿಷ ಹಿಡಿದರೆ ದೊಡ್ಡ ವರ್ಧನೆಯಲ್ಲಿ ಇಬ್ಬರಿಗೊಮ್ಮೆ ಕೊಳವೆ ಸರಿಸಲೇಬೇಕು. ಮೂರನೆಯವರಿಗೆ ಕಂಡಿದ್ದು ಬರೀ ಕತ್ತಲೆ, ಮೇಲೆ ಹೇಳಿದ ‘ಹೂನ್ರಿ’ ಹುಟ್ಟುವುದು ಇಲ್ಲೇ. ಗ್ರಹವನ್ನು ನೋಟದ ನಡುವೆ ಇಡಬೇಡಿ, ಅದು ಒಳಬರುವ ಪೂರ್ವದ ಅಂಚಿನಲ್ಲಿ ಇಟ್ಟರೆ ಪೂರ್ತಿ ಅಗಲ ದಾಟುವಷ್ಟು ಹೊತ್ತು ಸಿಗುತ್ತದೆ. ಪ್ರತಿಫಲಕದಲ್ಲಿ ಬಿಂಬ ತಲೆಕೆಳಗು, ಆದ್ದರಿಂದ ಯಾವ ಅಂಚು ಎಂದು ಒಮ್ಮೆ ಕೈಬಿಟ್ಟು ಹರಿಯುವ ದಿಕ್ಕು ನೋಡಿಕೊಳ್ಳಿ. ಒಂದು ದೂರದರ್ಶಕಕ್ಕೆ ತಾಸಿಗೆ ಎಂಬತ್ತು ಮಂದಿ ಎಂಬುದೇ ಮೇಲ್ಮಿತಿ. ಅದಕ್ಕಿಂತ ಹೆಚ್ಚು ಜನ ಬಂದರೆ ಇನ್ನೊಂದು ಉಪಕರಣ ಬೇಕು, ಇಲ್ಲವೇ ಅರ್ಧ ಜನರನ್ನು ನಕ್ಷತ್ರ ಗುರುತಿಸುವ ಗುಂಪಿಗೆ ಕಳಿಸಬೇಕು. 10x50 ಬೈನಾಕ್ಯುಲರನ್ನು ಕ್ಯಾಮೆರಾ ಟ್ರೈಪಾಡಿಗೆ ಕಟ್ಟಿ ಕೃತ್ತಿಕೆಗೆ ಹಿಡಿದಿಟ್ಟರೂ ಸಾಲು ಕರಗುತ್ತದೆ.

ದೂರದರ್ಶಕದ ಹತ್ತಿರ ಇಬ್ಬರು ಇರಬೇಕು. ಒಬ್ಬರು ಕೊಳವೆಗೆ, ಇನ್ನೊಬ್ಬರು ಬಂದವರಿಗೆ. ಎರಡನೆಯವರ ಕೆಲಸವೇ ದೊಡ್ಡದು. ‘ಅಜ್ಜಾರ, ಕೊಳವಿಗೆ ಕೈ ಹಚ್ಚಬ್ಯಾಡ್ರಿ, ಈ ಖುರ್ಚಿ ಹಿಡೀರಿ. ಮೊದಲ ನಾಕ ಬಟ್ಟ ದೂರದಿಂದ ನೋಡ್ರಿ, ಬೆಳಕಿನ ಗುಂಡು ಕಾಣತೈತಿ, ಅದನ್ನ ಬಿಡದಂಗ ಹತ್ರ ಬರ್ರಿ.’ ಹೀಗೆ ಹೇಳಿದರೆ ಹೊಸಬರಿಗೂ ಸಿಗುತ್ತದೆ. ಮನುಷ್ಯರು ಐಪೀಸ್ ಹಿಡಿದುಕೊಳ್ಳುವುದು ಬೀಳದಿರಲಿ ಎಂದು, ಹಿಡಿಯಲು ಬೇರೇನಾದರೂ ಕೊಟ್ಟರೆ ದೂರದರ್ಶಕ ಅಲುಗುವುದಿಲ್ಲ. ಚಷ್ಮಾದವರಿಗೆ ದೂರದೃಷ್ಟಿ ಅಥವಾ ಸಮೀಪದೃಷ್ಟಿ ಮಾತ್ರ ಇದ್ದರೆ ಚಷ್ಮಾ ತೆಗೆಸಿ ಫೋಕಸ್ ತಿರುಗಿಸಲು ಬಿಡಿ. ಚಷ್ಮಾದ ಚೀಟಿಯಲ್ಲಿ ಸಿಲಿಂಡರ್ ನಂಬರ್ ಇದ್ದವರು ತೆಗೆಯಬಾರದು. ಅಂಥವರಿಗೆ ಪ್ಲೋಸಲ್ ಎಂಬ ಬಗೆಯ 10 ಎಂಎಂ ಐಪೀಸ್ ಬೇಡ, ಅದಕ್ಕೆ ಕಣ್ಣು ತೀರ ಹತ್ತಿರ ಬರಬೇಕು. ಮಕ್ಕಳಿಗೆ ಅಗಲ ಕಾಲಿನ ಗಟ್ಟಿ ಸ್ಟೂಲು.

ಕಂಡಿತೋ ಇಲ್ಲವೋ ತಿಳಿಯಲು ‘ಕಾಣ್ತಾ?’ ಎಂದು ಕೇಳಬೇಡಿ, ಉತ್ತರ ಯಾವಾಗಲೂ ಹೌದು. ‘ಗುರುವಿನ ಮಗ್ಗಲಿಗೆ ಎಷ್ಟು ಚುಕ್ಕಿ ಅದಾವು, ಯಾ ಕಡಿ ಎಷ್ಟು?’ ಎಂದು ಕೇಳಿ. ಆ ಸಂಜೆ ಗುರುವಿನ ನಾಲ್ಕು ದೊಡ್ಡ ಉಪಗ್ರಹಗಳು ಎಲ್ಲಿರುತ್ತವೆ ಎಂದು ಸ್ಟೆಲೇರಿಯಂ ಎಂಬ ಆಕಾಶ ನಕ್ಷೆಯ ತಂತ್ರಾಂಶದಲ್ಲಿ ನೋಡಿ ತಲೆಕೆಳಗಾಗಿ ಬರೆದುಕೊಂಡಿರಿ. ಉತ್ತರ ಹೊಂದದಿದ್ದರೆ ಅವರನ್ನು ಸಾಲಿನಿಂದ ಕಳಿಸದೆ ಫೋಕಸ್ ತಿದ್ದಿ ಮತ್ತೆ ತೋರಿಸಿ. ಶನಿಗಾದರೆ ‘ಗೆರೆ ಅಡ್ಡ ಐತ್ಯೋ ಓರೆ ಐತ್ಯೋ?’ ಎಂದು. ಬಳೆಗಳು 2025ರ ಮಾರ್ಚಿನಲ್ಲಿ ನಮಗೆ ಅಂಚು ತೋರಿಸಿದ್ದವು, ಇನ್ನೂ ತೆಳ್ಳಗೇ ಇವೆ, 2032ರ ಹೊತ್ತಿಗೆ ಪೂರ್ತಿ ತೆರೆದುಕೊಳ್ಳುತ್ತವೆ. ಹಾಗಾಗಿ ಈಗಿನ ವರ್ಷಗಳಲ್ಲಿ 48 ಪಟ್ಟಿನಲ್ಲಿ ಶನಿ ತೋರಿಸಿದರೆ ಜನರಿಗೆ ಬರೀ ಚುಕ್ಕೆ, 120 ಪಟ್ಟು ಬೇಕೇ ಬೇಕು. ಶನಿ 2026ರಲ್ಲಿ ಅಕ್ಟೋಬರ್ 4ಕ್ಕೆ ಆಕಾಶದಲ್ಲಿ ಸೂರ್ಯನ ಎದುರು ದಿಕ್ಕಿಗೆ ಬರುವುದರಿಂದ ಅಲ್ಲಿಂದ ಜನವರಿವರೆಗಿನ ಸಂಜೆಗಳು ಅದಕ್ಕೆ ಹೊಂದುತ್ತವೆ. ಗುರು ಮತ್ತು ಮಂಗಳ ಇಬ್ಬರಿಗೂ 2027ರ ಫೆಬ್ರವರಿ.

ನೀಹಾರಿಕೆ ತೋರಿಸುವ ಮೊದಲೇ ಹೇಳಿಬಿಡಿ: ಮೊಬೈಲಿನ ಫೋಟೋದಂತೆ ಬಣ್ಣ ಕಾಣುವುದಿಲ್ಲ, ಬೂದು ಮೋಡದಂತಿರುತ್ತದೆ, ನೇರ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿದರೆ ಹೆಚ್ಚು ಕಾಣುತ್ತದೆ. ಕಣ್ಣು ಕತ್ತಲೆಗೆ ಹೊಂದಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಒಂದು ಮೊಬೈಲ್ ಟಾರ್ಚು ಅದನ್ನು ಕ್ಷಣದಲ್ಲಿ ಹಾಳು ಮಾಡುತ್ತದೆ. ಕೆಂಪು ಜಿಲೇಟಿನ್ ಕಾಗದ ಎರಡು-ಮೂರು ಪದರ ಸುತ್ತಿದ ಟಾರ್ಚುಗಳನ್ನು ಕೂಟದವರೇ ಹಂಚಲಿ. ನಕ್ಷತ್ರ ತೋರಿಸುವ ಹಸಿರು ಲೇಸರ್ ಒಬ್ಬರ ಕೈಯಲ್ಲಿ ಮಾತ್ರ ಇರಲಿ. ಸಾಂಬ್ರಾ ವಿಮಾನ ನಿಲ್ದಾಣದ ಸುತ್ತಮುತ್ತ ಅದನ್ನು ಹೊರಗೆ ತೆಗೆಯಲೇಬೇಡಿ.

ಹಳ್ಳಿಗಳಲ್ಲಿ ಖಚಿತವಾಗಿ ಬರುವ ಪ್ರಶ್ನೆ: ‘ಮಿರಗ ಯಾವುದ್ರಿ, ತೋರಸ್ರಿ.’ ಇದಕ್ಕೆ ಸಿದ್ಧರಾಗಿ ಹೋಗದ ಕೂಟ ಒಂದು ದೊಡ್ಡ ಅವಕಾಶ ಕಳೆದುಕೊಳ್ಳುತ್ತದೆ. ಮಳೆ ನಕ್ಷತ್ರ ಎಂದರೆ ಸೂರ್ಯ ಆಗ ಇರುವ ನಕ್ಷತ್ರ. ಸೂರ್ಯನ ದಾರಿಯನ್ನು ಇಪ್ಪತ್ತೇಳು ಪಾಲು ಮಾಡಿದರೆ ಒಂದೊಂದೂ 13 ಡಿಗ್ರಿ 20 ಕಲೆ (ಒಂದು ಡಿಗ್ರಿಗೆ ಅರವತ್ತು ಕಲೆ), ಸೂರ್ಯನಿಗೆ ದಾಟಲು ಹದಿಮೂರು-ಹದಿನಾಲ್ಕು ದಿನ. ರೋಹಿಣಿ ಮೇ 25ರ ಸುಮಾರಿಗೆ, ಮಿರಗ ಜೂನ್ 8ಕ್ಕೆ, ಆರಿದ್ರಾ ಜೂನ್ 22ಕ್ಕೆ. ಅಂದರೆ ಯಾವ ಮಳೆ ನಡೆದಿದೆಯೋ ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಮುಳುಗುತ್ತದೆ, ರಾತ್ರಿ ಕಾಣುವುದೇ ಇಲ್ಲ. ಡಿಸೆಂಬರಿನಲ್ಲಿ ಅದೇ ಮೃಗಶಿರಾ ಹೊತ್ತು ಮುಳುಗುವಾಗ ಮೂಡಿ ರಾತ್ರಿಯಿಡೀ ಇರುತ್ತದೆ. ಹಿಂಗಾರಿ ಜೋಳದ ಹೊತ್ತಿನ ಚಿತ್ತಿಯನ್ನು ನೋಡಬೇಕಾದರೆ ಏಪ್ರಿಲ್ ಸಂಜೆ ಬರಬೇಕು. ನಕ್ಷತ್ರ ಮಳೆ ತರುವುದಿಲ್ಲ, ಋತುವಿನ ದಿನಾಂಕ ಹೇಳುತ್ತದೆ ಎಂಬುದೂ ಇಲ್ಲೇ ಸ್ಪಷ್ಟವಾಗುತ್ತದೆ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಆ ದಿನಾಂಕವೂ ಸುಮಾರು 72 ವರ್ಷಕ್ಕೆ ಒಂದು ದಿನ ಋತುವಿನಿಂದ ಸರಿಯುತ್ತ ಹೋಗುತ್ತದೆ. ರೈತರು ಇದನ್ನು ಬಹಳ ಬೇಗ ಹಿಡಿಯುತ್ತಾರೆ, ಏಕೆಂದರೆ ಅರ್ಧ ಲೆಕ್ಕ ಅವರಿಗೆ ಮೊದಲೇ ಗೊತ್ತು.

ಉಲ್ಕೆ ಎಣಿಸಲು ದೂರದರ್ಶಕವೇ ಬೇಡ. ಆಗಸ್ಟಿನ ಪರ್ಸೀಡ್ ಉಲ್ಕಾವರ್ಷ ನಮಗೆ ಮೋಡದ ಪಾಲು, ಡಿಸೆಂಬರ್ 13-14ರ ಜೆಮಿನಿಡ್ ನಮ್ಮದು. 2026ರಲ್ಲಿ ಅಮಾವಾಸ್ಯೆ ಡಿಸೆಂಬರ್ 9ರ ಸುಮಾರಿಗೆ ಇರುವುದರಿಂದ ಎಳೆ ಚಂದ್ರ ಬೇಗ ಮುಳುಗುತ್ತಾನೆ. ಚಾಪೆ, ಕೌದಿ, ಹಾಳೆ, ಪೆನ್ಸಿಲ್. ಒಬ್ಬೊಬ್ಬರೂ ತಮ್ಮದೇ ಎಣಿಕೆ ಬರೆಯಬೇಕು, ಒಟ್ಟಿಗೆ ಕೂಗಿ ಎಣಿಸಿದ್ದು ಲೆಕ್ಕಕ್ಕಿಲ್ಲ. ಹದಿನೈದು ನಿಮಿಷಕ್ಕೊಂದು ಗೆರೆ ಎಳೆದು, ಎಷ್ಟು ಮಸುಕು ನಕ್ಷತ್ರದವರೆಗೆ ಕಂಡಿತು ಎಂದೂ ಗುರುತು ಮಾಡಿ. ಅದಿಲ್ಲದೆ ಆ ಸಂಖ್ಯೆಯನ್ನು ಬೇರೆ ಊರಿನದಕ್ಕೆ ಹೋಲಿಸಲಾಗದು.

ಹಗಲಿನ ಕೆಲಸದಲ್ಲಿ ಶಾಲೆಗಳಿಗೆ ಹೆಚ್ಚು ಒಪ್ಪುವುದು ಶೂನ್ಯ ನೆರಳಿನ ದಿನ, ಅಂದರೆ ಸೂರ್ಯ ಸರಿಯಾಗಿ ನೆತ್ತಿಗೆ ಬಂದು ನೆಟ್ಟ ಕೋಲಿನ ನೆರಳೇ ಕಾಣದ ದಿನ. ಬೆಳಗಾವಿಗೆ ಮೇ 3-4 ಮತ್ತು ಆಗಸ್ಟ್ 9ರ ಆಸುಪಾಸು, ಬಾಗಲಕೋಟೆಗೆ ಮೇ 5 ಮತ್ತು ಆಗಸ್ಟ್ 7-8, ವಿಜಯಪುರಕ್ಕೆ ಮೇ 7 ಮತ್ತು ಆಗಸ್ಟ್ 5. ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯಲ್ಲಿ ಗಡಿಯಾರ 12:24 ತೋರಿಸುವಾಗ, ಬೆಳಗಾವಿಯಲ್ಲಿ 12:29ಕ್ಕೆ ಸೂರ್ಯ ನೆತ್ತಿಗೆ ಬರುತ್ತಾನೆ, ಹನ್ನೆರಡಕ್ಕಲ್ಲ. ಆಗಸ್ಟಿನಲ್ಲಿ ಇನ್ನೂ ಒಂಬತ್ತು ನಿಮಿಷ ತಡ. ತಪ್ಪಾಗುವುದು ಕೋಲು ನೆಟ್ಟಗಿಲ್ಲದೆ. ಗೌಂಡಿಗಳ ತೂಗುಗುಂಡು, ಲೆವೆಲ್ ಪಟ್ಟಿ ತಂದು ಎರಡೂ ದಿಕ್ಕಿಗೆ ನೋಡಿ. ನೆರಳಿನಿಂದ ಭೂಮಿಯ ಸುತ್ತಳತೆ ತೆಗೆಯುವವರು ಬೆಳಗಾವಿ-ವಿಜಯಪುರ ಜೋಡಿ ಮಾಡಿಕೊಳ್ಳಬೇಡಿ. ಎರಡಕ್ಕೂ ಒಂದೇ ಡಿಗ್ರಿ ಅಂತರ, ಒಂದು ಮೀಟರ್ ಕೋಲಿನ ನೆರಳಲ್ಲಿ ಎರಡು ಸೆಂ.ಮೀ. ಕೂಡ ವ್ಯತ್ಯಾಸ ಬಾರದು, ನೆರಳಿನ ಅಂಚೇ ಒಂದು ಸೆಂ.ಮೀ.ನಷ್ಟು ಮಸುಕಿರುತ್ತದೆ. ವಿಜಯಪುರಕ್ಕೆ ಜೋಡಿಯಾಗಿ ಚಾಮರಾಜನಗರದ ಶಾಲೆಯೊಂದು ಒಪ್ಪಿದರೆ ವ್ಯತ್ಯಾಸ ಎಂಟು ಸೆಂ.ಮೀ. ದಾಟುತ್ತದೆ.

ಮುಗಿದ ರಾತ್ರಿ ಸುಸ್ತಾಗಿ ಎಲ್ಲದಕ್ಕೂ ಮುಚ್ಚಳ ಹಾಕಿಡುವುದೇ ರೂಢಿ, ಉಪಕರಣ ಕೆಡುವುದೂ ಅದರಿಂದಲೇ. ಇಬ್ಬನಿ ಒಳಗೇ ಉಳಿದು ಬೂಸ್ಟು ಹಿಡಿಯುತ್ತದೆ, ಬೆಳಗಾವಿಯ ಮಳೆಗಾಲದಲ್ಲಿ ಇನ್ನೂ ಬೇಗ. ಮನೆಗೆ ತಂದ ಮೇಲೆ ಕೊಳವೆಯನ್ನು ಅಡ್ಡ ಮಲಗಿಸಿ, ಐಪೀಸುಗಳನ್ನು ಸ್ವಚ್ಛ ಬಟ್ಟೆಯ ಮೇಲಿಟ್ಟು, ಪೂರ್ತಿ ಆರಿದ ಮೇಲೆ ಸಿಲಿಕಾ ಜೆಲ್ ಜೊತೆ ಡಬ್ಬಿಗೆ ಹಾಕಿ. ಕನ್ನಡಿಯ ಮೇಲೆ ಸ್ವಲ್ಪ ಧೂಳಿದ್ದರೆ ಬಿಟ್ಟುಬಿಡಿ, ನೋಟಕ್ಕೆ ಅಡ್ಡಿಯಿಲ್ಲ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಹೊರತೆಗೆದು, ಮೊದಲು ನೀರು ಹರಿಸಿ ಧೂಳು ಕಳೆದು, ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಲ್ಲಿ ಹತ್ತಿಯನ್ನು ಒತ್ತದೆ ಎಳೆದರೆ ಸಾಕು. ನಮ್ಮ ಬೋರಿನ ಗಡಸು ನೀರು ಆರಿದಲ್ಲೆಲ್ಲ ಬಿಳಿ ಕಲೆ ಬಿಡುವುದರಿಂದ ಕೊನೆಯ ತೊಳೆತ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ. ಅಂಗಡಿಯಲ್ಲಿ ಆಸಿಡ್ ಬಾಟಲಿಯೂ ಪಕ್ಕದಲ್ಲೇ ಇರುತ್ತದೆ, ಚೀಟಿ ಓದಿಯೇ ಕೊಳ್ಳಿ.